ಹಸುಗೂಸಿನ ಮೂಗು ಗಂಟಲುಗಳಲ್ಲಿ ಹುಟ್ಟಿನಿಂದಲೇ ಇರುವ ಗಡ್ಡೆಗಳ ವಿಷಯ



ಕೂಸು ಹುಟ್ಟಿದ ಮನೆಯಲ್ಲಿ ಎಲ್ಲರೂ ಮೊದಲು ಕೇಳುವದು ಅದು ಅತ್ತಿತೋ ಇಲ್ಲವೋ ಎಂಬ ಮಾತನ್ನೇ. ಅಳುವಿನ ಶಬ್ದವು ಕಿವಿಗೆ ಬಿದ್ದ ಕೂಡಲೆ ಹೊರಗೆ ಕಾದು ಕೂತವರ ಮುಖವು ಅರಳುತ್ತದೆ. ಆ ಮೇಲೆ ಕೈಕಾಲುಗಳ ಬೆರಳುಗಳನ್ನು ಎಣಿಸುತ್ತಾರೆ. ಕಣ್ಣು ಯಾರ ಹಾಗೆ, ಬಣ್ಣ ಯಾರ ಹಾಗೆ ಎಂದು ಮಾತಾಡಿಕೊಳ್ಳುತ್ತಾರೆ. ಮೂಗನ್ನು ನೋಡುವವರು ಅದು ನೀಳವೋ ಮೊಂಡೋ ಎಂದು ನೋಡುತ್ತಾರೆಯೇ ಹೊರತು ಅದರ ಎರಡು ಹೊಳ್ಳೆಗಳಲ್ಲಿಯೂ ಉಸಿರಾಡುತ್ತದೋ ಎಂದು ನೋಡುವವರು ಬಹು ಕೊಂಚ. ಈ ತಿಂಗಳ ಪಾಠದಲ್ಲಿ ನಾವು ಆ ಪುಟ್ಟ ಮೂಗನ್ನೂ ಅದರ ಹಿಂದಿರುವ ಗಂಟಲನ್ನೂ ಕುರಿತು, ಅಲ್ಲಿ ಹುಟ್ಟುವಾಗಲೇ ಒಮ್ಮೊಮ್ಮೆ ಕಾಣಿಸಿಕೊಳ್ಳುವ ಗಡ್ಡೆ ಗುಳ್ಳೆಗಳನ್ನೂ ಅಡ್ಡಗೋಡೆಗಳನ್ನೂ ಕುರಿತು ಬರೆಯಬೇಕೆಂದಿದ್ದೇವೆ.

ಇವು ಅಪರೂಪದ ಸಂಗತಿಗಳೆಂದು ಮೊದಲೇ ಹೇಳಿಬಿಡುವದು ಒಳ್ಳೇದು. ಮೂಗಿನ ನಡುಗೆರೆಯಲ್ಲಿ ಹುಟ್ಟುಗಡ್ಡೆಯುಳ್ಳ ಕೂಸು ೨೦,೦೦೦ದಿಂದ ೪೦,೦೦೦ ಹೆರಿಗೆಗಳಲ್ಲಿ ಒಂದು; ಮೂಗಿನ ಹಿಂಬಾಗಿಲು ಮುಚ್ಚಿಕೊಂಡೇ ಹುಟ್ಟುವ ಕೂಸು ೭,೦೦೦ದಿಂದ ೮,೦೦೦ ಹೆರಿಗೆಗಳಲ್ಲಿ ಒಂದು ಎಂದು ವೈದ್ಯಗ್ರಂಥಗಳು ಹೇಳುತ್ತವೆ. ಕರ್ನಾಟಕದಲ್ಲಿ ವರುಷಕ್ಕೆ ಹತ್ತು ಲಕ್ಷದ ಆಸುಪಾಸು ಕೂಸುಗಳು ಹುಟ್ಟುವದರಿಂದ, ಆ ಲೆಕ್ಕವು ಇಲ್ಲಿಗೂ ಸಲ್ಲುವದಾದರೆ, ಮೊದಲನೆಯ ತರದವು ೨೫ರಿಂದ ೫೦, ಎರಡನೆಯ ತರದವು ನೂರಕ್ಕೆ ಮಿಕ್ಕಿ ಪ್ರತಿವರುಷವೂ ನಮ್ಮ ನಾಡಿನ ಯಾವದೋ ಊರಿನ ಯಾವದೋ ಮನೆಯಲ್ಲಿ ಹುಟ್ಟುತ್ತಿರಬೇಕು. ಇದನ್ನು ಓದುವವರಲ್ಲಿ ಹೆಚ್ಚಿನವರು ತಮ್ಮ ಜೀವಮಾನದಲ್ಲಿ ಒಂದನ್ನೂ ಕಾಣಲಾರರು. ಹಾಗಾದರೆ ಬರೆಯುವದು ಯಾಕೆ? ಯಾಕಂದರೆ ಕಂಡ ಒಬ್ಬರಿಗೆ ಆ ಹೊತ್ತಿನಲ್ಲಿ ಪುಸ್ತಕ ಹುಡುಕುವದಕ್ಕೆ ಸಮಯವಿರುವದಿಲ್ಲ. ಮತ್ತು ಇಂಥ ಕೂಸಿಗೆ ಕೇಡಾಗುವದು ವೈರಿಗಳ ಕೈಯಿಂದಲ್ಲ, ಅದರ ಮೇಲೆ ಜೀವವನ್ನೇ ಇಟ್ಟುಕೊಂಡವರ ಕೈಯಿಂದಲೇ ಆಗಬಹುದು.

ಮೊದಲು ಹಸುಗೂಸು ಉಸಿರಾಡುವ ಬಗೆಯನ್ನು ತಿಳಿಯಬೇಕು. ನಮಗೂ ನಿಮಗೂ ನೆಗಡಿಯಾಗಿ ಮೂಗು ಕಟ್ಟಿದರೆ ಬಾಯಿ ತೆರೆದು ಉಸಿರಾಡುತ್ತೇವೆ. ಅದನ್ನು ಯಾರೂ ನಮಗೆ ಕಲಿಸಿಕೊಡಬೇಕಾಗಿಲ್ಲ. ಹಸುಗೂಸಿಗೆ ಆ ಜಾಣ್ಮೆ ಬಂದಿರುವದಿಲ್ಲ. ಅದರ ಗಂಟಲು ದೊಡ್ಡವರ ಗಂಟಲಿನ ಸಣ್ಣ ಮಾದರಿಯಲ್ಲ. ಕೂಸಿನ ಧ್ವನಿಪೆಟ್ಟಿಗೆಯು ಬಹಳ ಮೇಲೆ, ನಾಲಿಗೆಯ ಬುಡಕ್ಕೆ ಹತ್ತಿಕೊಂಡ ಹಾಗೆ ಇರುವದು; ಅದರ ಮೇಲಣ ಮುಚ್ಚಳವು ಅಂಗುಳಿನ ಹಿಂದಿರುವ ಮೆತ್ತನೆಯ ಭಾಗವನ್ನು ಮುಟ್ಟುವದು. ಇದರಿಂದ ಮೂಗಿನಿಂದ ಬಂದ ಗಾಳಿಯು ನೆಟ್ಟಗೆ ಶ್ವಾಸನಾಳಕ್ಕೂ, ಬಾಯಿಂದ ಬಂದ ಹಾಲು ಎರಡು ಪಕ್ಕಗಳಲ್ಲಿ ಹರಿದು ಅನ್ನನಾಳಕ್ಕೂ ಹೋಗುವದು. ಕೂಸು ಮೊಲೆಯನ್ನು ಬಿಡದೆ ಬಹಳ ಹೊತ್ತು ಕುಡಿಯುತ್ತಲೇ ಉಸಿರಾಡುವದನ್ನು ನೀವೆಲ್ಲರೂ ನೋಡಿದ್ದೀರಿ. ಆದರೆ ಈ ಅನುಕೂಲತೆಗೆ ಕೊಡಬೇಕಾದ ಬೆಲೆಯೂ ಉಂಟು. ಮೊದಲಿನ ಕೆಲವು ತಿಂಗಳು ಕೂಸಿಗೆ ಮೂಗೇ ಉಸಿರಿನ ದಾರಿ. ಅದು ಬಾಯಿ ತೆರೆದು ಗಾಳಿಯನ್ನು ಎಳೆದುಕೊಳ್ಳುವದು ಹೆಚ್ಚಾಗಿ ಅಳುವಾಗ ಮಾತ್ರವೇ.

ಈಗ ಒಂದು ಮನೆಯನ್ನು ಎಣಿಸಿಕೊಳ್ಳಿರಿ. ಹೆರಿಗೆಯಾಗಿ ಒಂದು ದಿನವಾಗಿದೆ. ಕೂಸು ಅಳುತ್ತದೆ; ಅಳುವಾಗ ಅದರ ತುಟಿ ನಾಲಿಗೆಗಳು ಕೆಂಪಾಗಿ ಚೆನ್ನಾಗಿಯೇ ಇವೆ. ಅಜ್ಜಿಯು ಎತ್ತಿಕೊಂಡು ತಟ್ಟುತ್ತಾಳೆ. ಕೂಸು ಬಾಯಿ ಮುಚ್ಚಿ ಸುಮ್ಮನಾಗುತ್ತದೆ. "ನಿದ್ದೆ ಹತ್ತಿತು, ಎಬ್ಬಿಸಬೇಡವ್ವಾ" ಎಂದು ಆಕೆ ಸೊಸೆಗೆ ಹೇಳಿ ದೀಪವನ್ನು ಸಣ್ಣದು ಮಾಡುತ್ತಾಳೆ. ಕತ್ತಲಲ್ಲಿ ಕೂಸಿನ ಎದೆಯು ಒಳಕ್ಕೆ ಜಗ್ಗುತ್ತದೆ, ತುಟಿ ನೀಲಿಯಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಉಸಿರು ತಾಳಲಾರದೆ ಕಿಟಾರನೆ ಕಿರಿಚಿ ಮತ್ತೆ ಅಳುತ್ತದೆ, ಮತ್ತೆ ಕೆಂಪಾಗುತ್ತದೆ. ಎಂಥ ಹಟಮಾರಿ ಕೂಸು, ಮಲಗಗೊಡುವದಿಲ್ಲವಲ್ಲಾ ಎಂದು ಮನೆಯವರು ಬೇಸರಪಡುತ್ತಾರೆ. ವಾಚಕರೇ, ಅದು ಹಟವಲ್ಲ; ಆ ಅಳುವೇ ಅದರ ಉಸಿರು. ಸಾಧಾರಣವಾಗಿ ಕೂಸು ಅತ್ತು ಅತ್ತು ನೀಲಿಯಾದರೆ ನಾವು ಹೆದರುತ್ತೇವೆ. ಇಲ್ಲಿ ಅದಕ್ಕೆ ತಿರುವುಮುರುವು: ಸುಮ್ಮನಿದ್ದಾಗ ನೀಲಿ, ಅಳುವಾಗ ಕೆಂಪು. ಈ ಒಂದು ಗುರುತನ್ನು ನಮ್ಮ ತಾಯಂದಿರೂ ಅಜ್ಜಿಯಂದಿರೂ ಬಾಯಿಪಾಠ ಮಾಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ. ಕಪ್ಪು ಮೈಬಣ್ಣದ ಕೂಸಿನಲ್ಲಿ ನೀಲಿಯನ್ನು ಕೆನ್ನೆಯಲ್ಲಿ ಹುಡುಕಬಾರದು, ತುಟಿ ನಾಲಿಗೆ ಒಸಡುಗಳಲ್ಲಿ ನೋಡತಕ್ಕದ್ದು. ದೀಪವನ್ನು ಸಣ್ಣದು ಮಾಡಿದರೆ ಅದು ಯಾರಿಗೂ ಕಾಣುವದಿಲ್ಲ.

ಹೀಗಾಗುವದಕ್ಕೆ ಒಂದು ಕಾರಣವು ನಾವು ಮೇಲೆ ಹೇಳಿದ ಹಿಂಬಾಗಿಲಿನ ಮುಚ್ಚಿಕೆ. ಮೂಗಿನ ಹೊಳ್ಳೆಗಳು ಹಿಂದೆ ಗಂಟಲಿಗೆ ತೆರೆಯುವ ಸ್ಥಳದಲ್ಲಿ ಎಲುಬಿನ ಅಥವಾ ಎಲುಬೂ ಪೊರೆಯೂ ಕೂಡಿದ ಗೋಡೆಯು ಉಳಿದುಕೊಂಡಿರುತ್ತದೆ. ವೈದ್ಯರು ಇದನ್ನು ಕೋಯೇನಲ್ ಅಟ್ರೀಸಿಯಾ ಎನ್ನುವರು. ೧೭೫೫ರಲ್ಲಿಯೇ ಯೋಹಾನ್ ರೋಡರರ್ ಎಂಬ ಜರ್ಮನ್ ವೈದ್ಯನು ಇದನ್ನು ವರ್ಣಿಸಿದನು. ಇದು ಗಂಡುಕೂಸುಗಳಿಗಿಂತ ಹೆಣ್ಣುಕೂಸುಗಳಲ್ಲಿ ಹೆಚ್ಚು. ಒಂದೇ ಕಡೆ ಮುಚ್ಚಿದ್ದರೆ ಕೂಸು ಇನ್ನೊಂದು ಕಡೆಯಿಂದ ಹೇಗೋ ಕಾಲಹಾಕುವದು. ಒಂದೇ ಹೊಳ್ಳೆಯಿಂದ ದಪ್ಪ ಸಿಂಬಳ ಯಾವಾಗಲೂ ಸುರಿಯುತ್ತಿರುವದನ್ನು ಕಂಡು ಎಷ್ಟೋ ವರುಷಗಳಾದ ಮೇಲೆ ಗುರುತು ಹಿಡಿಯುವದುಂಟು. ಎರಡೂ ಕಡೆ ಮುಚ್ಚಿದ್ದರೆ ಮೊದಲಿನ ಗಳಿಗೆಯಿಂದಲೇ ಪ್ರಾಣಾಪಾಯ. ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯು ಬಹು ಸುಲಭವಾದದ್ದು: ಕೂಸು ಬಾಯಿ ಮುಚ್ಚಿರುವಾಗ ಹತ್ತಿಯ ಒಂದು ಎಳೆಯನ್ನು ಒಂದೊಂದು ಹೊಳ್ಳೆಯ ಮುಂದೆ ಹಿಡಿದು ಅದು ಅಲ್ಲಾಡುತ್ತದೋ ನೋಡುವದು. ಮುಂದೆ ಹಿಡಿಯಬೇಕೇ ಹೊರತು ಒಳಗೆ ತುರುಕಬಾರದು. ಆಸ್ಪತ್ರೆಯಲ್ಲಿ ದಾದಿಯು ಸಣ್ಣ ನಳಿಗೆಯನ್ನು ಮೂಗಿನೊಳಗೆ ಬಿಟ್ಟು ಅದು ಗಂಟಲಿಗೆ ಇಳಿಯುತ್ತದೋ ಎಂದು ನೋಡುವಳು. ಇಳಿಯದಿದ್ದರೆ ಬಾಯಲ್ಲಿ ಉಸಿರಿನ ನಳಿಗೆಯನ್ನಾಗಲಿ, ತುದಿಯನ್ನು ಅಗಲವಾಗಿ ಕತ್ತರಿಸಿದ ರಬ್ಬರಿನ ಮೊಲೆತೊಟ್ಟನ್ನಾಗಲಿ ಇಟ್ಟು ಪಟ್ಟಿಯಿಂದ ಕಟ್ಟಿ ಬಾಯಿ ಮುಚ್ಚದ ಹಾಗೆ ಮಾಡುವರು. ಇಷ್ಟು ಚಿಕ್ಕ ಉಪಾಯದಿಂದ ಕೂಸು ಶಸ್ತ್ರಚಿಕಿತ್ಸೆಯ ದಿನದ ವರೆಗೆ ಉಳಿಯುವದು. ಇಂಥ ಕೂಸುಗಳಲ್ಲಿ ಕೆಲವಕ್ಕೆ ಹೃದಯ, ಕಣ್ಣು, ಕಿವಿಗಳಲ್ಲಿಯೂ ಊನವಿರುವದರಿಂದ ವೈದ್ಯರು ಅವುಗಳನ್ನೂ ಪರೀಕ್ಷಿಸುವರು.

ಇದನ್ನು ಓದಿ, ಗೊರಗೊರ ಎನ್ನುವ ಪ್ರತಿಯೊಂದು ಕೂಸನ್ನೂ ಎತ್ತಿಕೊಂಡು ಯಾರೂ ಓಡಬೇಕಾದದ್ದಿಲ್ಲ. ಹುಟ್ಟಿದ ಮೊದಲಿನ ವಾರಗಳಲ್ಲಿ ಸಿಂಬಳ ಕಟ್ಟಿ ಸದ್ದು ಮಾಡುವ ಮೂಗುಗಳು ಬಹಳ. ಚೆನ್ನಾಗಿ ಮೊಲೆಯುಣ್ಣುತ್ತಾ, ಮೈ ತುಂಬಿಕೊಳ್ಳುತ್ತಾ, ನೀಲಿಯಾಗದೆ ಇರುವ ಕೂಸಿನ ಸದ್ದಿಗೆ ಹೆದರಬೇಡಿರಿ. ನಾಲ್ಕು ಸಾರಿ ಚೀಪಿ ಮೊಲೆ ಬಿಟ್ಟು ಏದುಸಿರು ಬಿಡುವ, ಕುಡಿದದ್ದು ನೆತ್ತಿಗೆ ಹತ್ತಿ ಕೆಮ್ಮುವ, ಎದೆಯ ಕೆಳಗೆ ಗುಳಿ ಬೀಳುವ ಹಾಗೆ ಉಸಿರೆಳೆಯುವ ಕೂಸಿನ ವಿಷಯವೇ ಬೇರೆ.

ಇನ್ನು ಮೂಗಿನ ಗಡ್ಡೆಗಳ ಮಾತಿಗೆ ಬರುವೆವು. ಈ ಪಾಠದಲ್ಲಿ ಮುಖ್ಯವಾದದ್ದು ಇದೇ.

ಗರ್ಭದಲ್ಲಿ ಕೂಸಿನ ಮುಖವು ಸುಮಾರು ನಾಲ್ಕನೆಯ ವಾರದಿಂದ ಎಂಟನೆಯ ವಾರದೊಳಗೆ ರೂಪಗೊಳ್ಳುವದು. ಆ ಕಾಲದ ಹೊತ್ತಿಗೆ ಮಿದುಳಿನ ಹೊರಪೊರೆಯ ಒಂದು ಸಣ್ಣ ಚಾಚು, ಹಣೆಯ ಬುಡದಲ್ಲಿ ಎಲುಬುಗಳ ನಡುವೆ ಇನ್ನೂ ಮುಚ್ಚದೆ ಇರುವ ಸಂದಿನಿಂದ ಹೊರಟು ಮೂಗಿನ ಮೇಲಣ ತೊಗಲಿನ ತನಕ ಬಂದು ಮುಟ್ಟುವದು. ಬೆಳವಣಿಗೆಯು ಕ್ರಮವಾಗಿ ನಡೆದರೆ ಅದು ಹಿಂದಕ್ಕೆ ಸರಿಯುವದು, ಸಂದು ಮುಚ್ಚುವದು. ಮನೆ ಕಟ್ಟುವವರು ತೊಲೆಗಳನ್ನು ಒಳಗೆ ತರುವದಕ್ಕೆ ಗೋಡೆಯಲ್ಲಿ ಬಿಟ್ಟ ಕಂಡಿಯನ್ನು ಕೆಲಸ ತೀರಿದ ಮೇಲೆ ಕಟ್ಟಿಬಿಡುವ ಹಾಗೆ ಇದು ಇರುತ್ತದೆ. ಕಂಡಿಯು ಸರಿಯಾಗಿ ಮುಚ್ಚದೆ ಹೋದಾಗ ಮೂರು ತರದ ಗಡ್ಡೆಗಳು ಉಂಟಾಗುತ್ತವೆ.

ಪೊರೆಯು ಹಿಂದೆ ಸರಿಯುವಾಗ ತೊಗಲಿನ ಚೂರೊಂದನ್ನು ತನ್ನ ಸಂಗಡ ಎಳೆದುಕೊಂಡು ಹೋದರೆ ಡರ್ಮಾಯ್ಡ್ ಎಂಬ ಗಂಟು ಆಗುವದು. ಮೂರರಲ್ಲಿ ಇದೇ ಹೆಚ್ಚಾಗಿ ಕಾಣುವದು. ಹುಬ್ಬುಗಳ ನಡುವಿನಿಂದ ಮೂಗಿನ ತುದಿಯ ಕೆಳಗಿನ ತನಕ ನಡುಗೆರೆಯಲ್ಲಿ ಎಲ್ಲಿಯಾದರೂ ಇದು ಇರಬಹುದು. ಕೆಲವು ಸಾರಿ ಗಂಟೇ ಕಾಣದೆ ಸೂಜಿಮೊನೆಯಷ್ಟು ಕುಳಿಯೂ ಅದರಿಂದ ಹೊರಟ ಒಂದೆರಡು ಕೂದಲೂ ಮಾತ್ರ ಕಾಣುವವು. ಇದನ್ನು ಕಂಡವರು ಮೊಡವೆಯೆಂದು ಹಿಚುಕುವರು, ಕೂದಲನ್ನು ಕೀಳುವರು. ಆ ಕುಳಿಯಿಂದ ಒಂದು ಸಣ್ಣ ದಾರಿಯು ಎಲುಬಿನೊಳಗೆ ಹಾದು ಮಿದುಳಿನ ಪೊರೆಯ ತನಕ ಹೋಗಿರಬಹುದು. ಹೊರಗೆ ಕೀವು ಹಿಡಿದರೆ ಅದೇ ದಾರಿಯಿಂದ ಒಳಗೆ ಹೋಗಿ ಮಿದುಳುಪೊರೆಯ ಉರಿಯೂತವನ್ನಾಗಲಿ ಮಿದುಳಿನಲ್ಲಿ ಕೀವುಗಡ್ಡೆಯನ್ನಾಗಲಿ ಹುಟ್ಟಿಸಬಲ್ಲದು. ಒಂದು ಕೂದಲಿನ ಬುಡದಲ್ಲಿ ಇಷ್ಟು ಇದೆಯೆಂದು ಯಾರು ತಾನೇ ಎಣಿಸುವರು?

ಎರಡನೆಯದು, ಮಿದುಳಿನ ಚೂರೊಂದು ಹೊರಗೆ ಉಳಿದು ಅದರ ಹಿಂದೆ ಬಾಗಿಲು ಮುಚ್ಚಿಕೊಂಡದ್ದು. ವೈದ್ಯರು ಇದನ್ನು ಗ್ಲಯೋಮಾ ಎಂದು ಕರೆಯುತ್ತಾರೆ. ಈ ಹೆಸರು ಮಿದುಳಿನ ಕೆಟ್ಟ ಗಂಟುಗಳಿಗೂ ಇರುವದರಿಂದ ಕಾಗದದಲ್ಲಿ ಓದಿದ ತಂದೆತಾಯಿಗಳ ಎದೆ ಒಡೆಯುವದು. ಮೂಗಿನ ಗ್ಲಯೋಮಾ ಕ್ಯಾನ್ಸರ್ ಅಲ್ಲ. ತಪ್ಪಿದ ಸ್ಥಳದಲ್ಲಿ ಉಳಿದ ಮಿದುಳಿನ ಅಂಶ ಮಾತ್ರ. ಹಳೆಯ ಕಾಲದಲ್ಲಿ ತಪ್ಪಾಗಿ ಇಟ್ಟ ಹೆಸರು ಹಾಗೆಯೇ ಉಳಿದಿದೆ. ಇದು ಮುಟ್ಟಿದರೆ ಗಟ್ಟಿ, ಕೂಸು ಅತ್ತರೂ ದೊಡ್ಡದಾಗುವದಿಲ್ಲ. ಸುಮಾರು ನೂರಕ್ಕೆ ೬೦ ಮೂಗಿನ ಹೊರಗೂ, ೩೦ ಹೊಳ್ಳೆಯೊಳಗೂ, ೧೦ ಎರಡು ಕಡೆಗಳಲ್ಲಿಯೂ ಇರುವವು. ನೂರಕ್ಕೆ ಸುಮಾರು ೧೫ರಲ್ಲಿ ಮಿದುಳಿನ ಪೊರೆಗೆ ಒಂದು ತೊಟ್ಟು ಉಳಿದಿರುತ್ತದೆ.

ಮೂರನೆಯದರಲ್ಲಿ ಕಂಡಿಯು ಮುಚ್ಚಿರುವದೇ ಇಲ್ಲ. ಮಿದುಳಿನ ಪೊರೆ, ಅದರೊಳಗಿನ ನೀರು, ಕೆಲವು ಸಾರಿ ಮಿದುಳಿನ ಭಾಗವೇ ಹೊರಗೆ ಚೀಲದ ಹಾಗೆ ಇಳಿದಿರುತ್ತದೆ. ಇದೇ ಎನ್ಸೆಫಲೋಸೀಲ್. ಇದು ಮೆತ್ತಗೆ, ನೀಲಿಛಾಯೆಯುಳ್ಳದ್ದಾಗಿ, ನಾಡಿಯ ಹಾಗೆ ಮಿಡಿಯುತ್ತಿರಬಹುದು. ಕೂಸು ಅತ್ತರೆ ಉಬ್ಬುವದು. ಯೂರೋಪು ಅಮೆರಿಕಗಳಲ್ಲಿ ಇಂಥ ಚೀಲವು ಹೆಚ್ಚಾಗಿ ತಲೆಯ ಹಿಂಭಾಗದಲ್ಲಿ ಕಾಣುವದು. ಬರ್ಮಾ, ಥಾಯ್ಲೆಂಡ್, ಕಾಂಬೋಡಿಯಾ ಮೊದಲಾದ ಆಗ್ನೇಯ ಏಶ್ಯದ ದೇಶಗಳಲ್ಲಿ ಮೂಗಿನ ಬುಡದಲ್ಲಿ ಕಾಣುವದು ಹೆಚ್ಚು; ಅಲ್ಲಿ ಸುಮಾರು ೫,೦೦೦ದಿಂದ ೬,೦೦೦ ಹೆರಿಗೆಗಳಿಗೆ ಒಂದರಂತೆ ಲೆಕ್ಕ ಕೊಟ್ಟಿದ್ದಾರೆ. ಹೀಗೇಕೆ ಎಂಬದು ಇನ್ನೂ ತೀರ್ಮಾನವಾಗಿಲ್ಲ. ಹಸುಗೂಸಿನ ಹೊಳ್ಳೆಯೊಳಗೆ ದ್ರಾಕ್ಷಿಯಂತೆ ಇಳಿಬಿದ್ದದ್ದನ್ನು ಕಂಡು, ದೊಡ್ಡವರ ಮೂಗಿನಲ್ಲಿ ಬೆಳೆಯುವ ದುರ್ಮಾಂಸವೆಂದು ತಿಳಿಯುವದು ದೊಡ್ಡ ತಪ್ಪು. ಎಳೆಗೂಸಿನಲ್ಲಿ ಅಂಥ ದುರ್ಮಾಂಸವು ಬಹು ಅಪರೂಪ. ಪರೀಕ್ಷೆಯಲ್ಲಿ ಬೇರೆಯೆಂದು ಗೊತ್ತಾಗುವ ತನಕ ಅದನ್ನು ಮಿದುಳಿಗೆ ಸಂಬಂಧಪಟ್ಟದ್ದೆಂದೇ ಎಣಿಸತಕ್ಕದ್ದು.

ಮೂರನ್ನೂ ಇಷ್ಟು ಬಿಡಿಸಿ ಹೇಳಿದ್ದು ನೀವು ಮನೆಯಲ್ಲಿಯೇ ಯಾವ ತರದ್ದೆಂದು ನಿಶ್ಚಯಿಸಲಿ ಎಂದಲ್ಲ. ಕಣ್ಣಿಗೆ ಮೂರೂ ಒಂದೇ ಹಾಗೆ ಕಾಣಬಹುದು, ಪಳಗಿದ ವೈದ್ಯರೂ ಕೈಯಿಂದ ಮುಟ್ಟಿ ತೀರ್ಮಾನಿಸುವದಿಲ್ಲ ಎಂದು ತಿಳಿಯಲೆಂದೇ ಹೇಳಿದೆವು. ನಮ್ಮ ಹಳ್ಳಿಗಳಲ್ಲಿ ನರುಳಿಗೆ ಕುದುರೆಯ ಕೂದಲು ಬಿಗಿದು ಕಟ್ಟಿ ಉದುರಿಸುವದುಂಟು. ಬಾವಿಗೆ ಬರೆ ಹಾಕುವದುಂಟು. ಗುಳ್ಳೆಯನ್ನು ಸೂಜಿಯಿಂದ ಚುಚ್ಚಿ ನೀರು ಬಿಡುವದುಂಟು. ಎಣ್ಣೆ ಕಾಯಿಸಿ ತಿಕ್ಕುವದುಂಟು. ತೋಳಿನ ಮೇಲಣ ನರುಳಿಗೆ ಕಟ್ಟಿದ ಕೂದಲಿನಿಂದ ತೋಳಿನ ತೊಗಲಿಗೆ ಮಾತ್ರ ನೋವು. ಮೂಗಿನ ನಡುವಣ ಗಂಟಿಗೆ ಕಟ್ಟಿದರೆ ಬಿಗಿಯುವದು ಯಾವದಕ್ಕೆಂದು ಬಲ್ಲಿರಾ? ಸೂಜಿಯಿಂದ ಚುಚ್ಚಿದಾಗ ಬರುವ ತಿಳಿನೀರು ಗುಳ್ಳೆಯ ನೀರಲ್ಲ, ಮಿದುಳಿನ ಸುತ್ತಲಿನ ನೀರಾಗಿರಬಹುದು. ಆದಕಾರಣ ನಡುಗೆರೆಯ ಗಂಟನ್ನು ಕಟ್ಟಬಾರದು, ಚುಚ್ಚಬಾರದು, ಸುಡಬಾರದು, ಹಿಚುಕಬಾರದು, ಒತ್ತಿ ಒಳಗೆ ತಳ್ಳಬಾರದು. ಇದನ್ನು ನಾವು ಸೂಲಗಿತ್ತಿಯರನ್ನು ಹೀನೈಸುವದಕ್ಕೆ ಬರೆಯುವದಿಲ್ಲ. ವೈದ್ಯರಲ್ಲಿಯೂ ಚಿತ್ರ ತೆಗೆಯಿಸದೆ ಕತ್ತರಿ ಹಾಕುವ ಅವಸರದವರು ಇರಬಹುದಾದದ್ದರಿಂದ, ಚೂರು ತೆಗೆದು ಪರೀಕ್ಷಿಸುವದು ಸಹ ಮೊದಲು ಸ್ಕ್ಯಾನಿಂಗ್ ಆದ ಮೇಲೆಯೇ ಎಂಬ ನಿಯಮವು ಅವರ ಗ್ರಂಥಗಳಲ್ಲಿದೆ.

ಕೂಸಿನ ಕಣ್ಣಿನ ಒಳಮೂಲೆಯ ಕೆಳಗೆ ಒಂದು ನೀಲಿ ಉಬ್ಬು ಕಂಡರೆ ಅದು ಕಣ್ಣೀರಿನ ಕಾಲುವೆಯು ಮುಚ್ಚಿ ನೀರು ತುಂಬಿದ್ದಾಗಿರಬಹುದು. ನಡುಗೆರೆಯಲ್ಲಿ ಅಲ್ಲ, ಪಕ್ಕದಲ್ಲಿ ಇರುವದರಿಂದ ಇದನ್ನು ಬೇರೆಯಾಗಿ ಗುರುತಿಸಬಹುದು. ಎರಡು ಕಡೆಗಳಲ್ಲಿಯೂ ಆಗಿ ಮೂಗಿನೊಳಗೆ ಇಳಿದರೆ ಇದೂ ಉಸಿರನ್ನು ತಡೆಯುವದು.

ಇಂಥ ಕೂಸು ಹುಟ್ಟಿದಾಗ ಮನೆಯಲ್ಲಿ ಮೊದಲು ಏಳುವ ಪ್ರಶ್ನೆಯು ತಪ್ಪು ಯಾರದೆಂಬದು. ಗ್ರಹಣದಲ್ಲಿ ಹೊರಗೆ ಬಂದಳು, ಕತ್ತಿ ಹಿಡಿದು ತರಕಾರಿ ಹೆಚ್ಚಿದಳು, ಯಾರದೋ ದೃಷ್ಟಿ ತಗಲಿತು ಎಂಬ ಮಾತುಗಳು ನಮ್ಮ ಜನರಲ್ಲಿ ಇನ್ನೂ ಸತ್ತಿಲ್ಲ. ಕ್ರೈಸ್ತ ಮನೆಗಳಲ್ಲಿಯೂ ಪಿಸುಮಾತಾಗಿ ಕೇಳುವವು. ಮುಖವು ರೂಪಗೊಳ್ಳುವ ಆ ವಾರಗಳು ಎಷ್ಟೋ ಸಾರಿ ತಾಯಿಗೆ ತಾನು ಬಸುರಿಯೆಂದು ತಿಳಿಯುವ ಹೊತ್ತಿಗೇ ಬಹುಮಟ್ಟಿಗೆ ಕಳೆದಿರುತ್ತವೆ. ಆಕೆಯು ಯಾವ ಗ್ರಹಣವನ್ನು ನೋಡಿದ್ದರಿಂದಲೂ ಈ ಕಂಡಿಯು ತೆರೆದು ಉಳಿಯಲಿಲ್ಲ. ಹೆತ್ತ ನೋವು ಆರದ ಬಾಣಂತಿಯ ಮುಂದೆ ಈ ಮಾತೆತ್ತುವವರನ್ನು ಮನೆಯ ಹಿರಿಯರು ಅಲ್ಲಿಯೇ ತಡೆಯಬೇಕು. ಬೈಗಳನ್ನು ಕೇಳಿದ ತಾಯಿಯು ಕೂಸನ್ನು ಬಚ್ಚಿಡುವಳು; ಬಚ್ಚಿಟ್ಟ ಕೂಸು ಆಸ್ಪತ್ರೆಗೆ ತಡವಾಗಿ ಬರುವದು.

ಗಂಟಲಿನ ಗಡ್ಡೆಗಳು ಹೊರಗೆ ಕಾಣದೆ ಇರುವದರಿಂದ ಅವುಗಳನ್ನು ಗುರುತಿಸುವದು ಕಷ್ಟ. ಅವುಗಳಲ್ಲಿ ಕೂದಲುಳ್ಳ ಒಂದು ತರದ್ದನ್ನು ಗ್ಲಾಸ್ಗೋ ನಗರದ ಬ್ರೌನ್ ಕೆಲ್ಲಿ ಎಂಬ ವೈದ್ಯರು ೧೯೧೮ರಲ್ಲಿ ವಿವರಿಸಿ ಬರೆದರು. ಹೊರಗೆ ತೊಗಲು, ಅದರ ಮೇಲೆ ನವಿರಾದ ರೋಮ, ಒಳಗೆ ಕೊಬ್ಬು. ಪೇರಲಕಾಯಿಯಂತೆ ತೊಟ್ಟಿನಿಂದ ಮೂಗಿನ ಹಿಂದೆ ಇಳಿಬಿದ್ದಿರುತ್ತದೆ. ಸುಮಾರು ೪೦,೦೦೦ ಹೆರಿಗೆಗಳಲ್ಲಿ ಒಂದು. ಹೆಣ್ಣುಕೂಸುಗಳಲ್ಲಿಯೇ ಬಹಳ ಹೆಚ್ಚು. ತೊಟ್ಟಿನ ಮೇಲೆ ತೂಗಾಡುವದರಿಂದ ಇದರ ಚೇಷ್ಟೆಯೂ ವಿಚಿತ್ರವಾದದ್ದು: ಕೂಸು ಒಂದು ಮಗ್ಗುಲಲ್ಲಿ ಮಲಗಿದ್ದಾಗ ಏನೂ ಇಲ್ಲ, ಅಂಗಾತ ಮಲಗಿಸಿದರೆ ಉಸಿರು ಕಟ್ಟುವದು; ಒಂದು ಸಾರಿ ಕೆಮ್ಮಿದಾಗ ಬಾಯಲ್ಲಿ ಕಂಡು ಮರುಗಳಿಗೆ ಮಾಯವಾಗುವದು. ತಾಯಿಯು "ಬಾಯಲ್ಲಿ ಏನೋ ಕಂಡೆ" ಎಂದರೆ ಯಾರೂ ನಂಬುವದಿಲ್ಲ. ನಂಬಬೇಕು. ತೊಟ್ಟಿನ ಬುಡಕ್ಕೆ ಕತ್ತರಿಸಿ ತೆಗೆದರೆ ಇದು ಪೂರ್ಣವಾಗಿ ವಾಸಿಯಾಗುವದು.

ಟೆರಟೋಮಾ ಎಂಬದು ಇದಕ್ಕಿಂತ ಭಯಂಕರವಾದದ್ದು. ಅಂಗುಳಿನಿಂದ ಅಥವಾ ಅದರ ಮೇಲಣ ಭಾಗದಿಂದ ಹುಟ್ಟಿ, ಕೆಲವು ಸಾರಿ ಬಾಯಿಂದ ಹೊರಗೆ ಮುಷ್ಟಿಯಷ್ಟು ದೊಡ್ಡದಾಗಿ ಚಾಚಿರುತ್ತದೆ. ಅದರಲ್ಲಿ ಎಲುಬು, ಕೂದಲು, ಹಲ್ಲು ಸಹ ಇರಬಹುದು. ಗರ್ಭದಲ್ಲಿ ಕೂಸು ತನ್ನ ಸುತ್ತಲಿನ ನೀರನ್ನು ನುಂಗುತ್ತಾ ಇರುವದು. ಗಂಟಲು ಮುಚ್ಚಿದ್ದರೆ ನುಂಗಲಾರದ ಕಾರಣ ತಾಯಿಯ ಹೊಟ್ಟೆಯಲ್ಲಿ ನೀರು ಮಿತಿಮೀರಿ ಹೆಚ್ಚುವದು. ದಿನಕ್ಕೆ ತಕ್ಕದ್ದಕ್ಕಿಂತ ಹೊಟ್ಟೆ ಬಹಳ ದೊಡ್ಡದಾದರೆ ಅವಳಿಜವಳಿ ಎಂದು ನಗುತ್ತಾ ಕೂಡ್ರದೆ ಸ್ಕ್ಯಾನಿಂಗ್ ಮಾಡಿಸತಕ್ಕದ್ದು. ಮೊದಲೇ ಗೊತ್ತಾದರೆ ಈಗ ಒಂದು ಆಶ್ಚರ್ಯವಾದ ಉಪಾಯವುಂಟು. ಹೊಟ್ಟೆಯನ್ನು ಕೊಯ್ದು ಕೂಸಿನ ತಲೆಯನ್ನೂ ಭುಜಗಳನ್ನೂ ಮಾತ್ರ ಹೊರಗೆ ತೆಗೆದು, ಹೊಕ್ಕುಳಬಳ್ಳಿಯನ್ನು ಕತ್ತರಿಸದೆ, ತಾಯಿಯ ಮಾಸಿನ ಮೂಲಕವೇ ಅದು ಬದುಕಿರುವಾಗ ವೈದ್ಯರು ಅದರ ಶ್ವಾಸನಾಳಕ್ಕೆ ದಾರಿ ಮಾಡುವರು. ದಾರಿಯಾದ ಮೇಲೆಯೇ ಬಳ್ಳಿಯನ್ನು ಕತ್ತರಿಸುವರು. ೧೯೯೦ರ ದಶಕದಲ್ಲಿ ಈ ಕ್ರಮವು ರೂಢಿಗೆ ಬಂತು. ಇದು ಎಲ್ಲಾ ಆಸ್ಪತ್ರೆಗಳಲ್ಲಿ ಆಗುವ ಕೆಲಸವಲ್ಲ, ಹೆರಿಗೆಯ ವೈದ್ಯರೂ ಗಂಟಲಿನ ವೈದ್ಯರೂ ಕೂಸಿನ ವೈದ್ಯರೂ ಅರಿವಳಿಕೆಯವರೂ ಒಂದೇ ಕೋಣೆಯಲ್ಲಿ ಸಿದ್ಧವಾಗಿರಬೇಕು. ಆದಕಾರಣ ಗರ್ಭಿಣಿಗೆ ೧೮ರಿಂದ ೨೦ನೆಯ ವಾರದಲ್ಲಿ ಮಾಡುವ ಸ್ಕ್ಯಾನಿಂಗನ್ನು ದುಡ್ಡಿನ ಬಾಬೆಂದು ತಪ್ಪಿಸಬಾರದು.

ಒಸಡಿನ ಮೇಲೆ ಹುಟ್ಟಿನಿಂದಲೇ ನೇರಳೆಹಣ್ಣಿನಂತೆ ಅಂಟಿಕೊಂಡಿರುವ ಗಂಟನ್ನು ೧೮೭೧ರಲ್ಲಿ ನೋಯ್ಮನ್ ಎಂಬ ಜರ್ಮನ್ ವೈದ್ಯನು ವರ್ಣಿಸಿದನು. ಇದೂ ಹೆಣ್ಣುಕೂಸುಗಳಲ್ಲಿಯೇ ಹೆಚ್ಚು; ಮೊಲೆಯುಣ್ಣುವದಕ್ಕೆ ಅಡ್ಡಿಯಾದರೆ ತೆಗೆಯುವರು, ತೆಗೆದ ಮೇಲೆ ಮರಳಿ ಬರುವದಿಲ್ಲ. ನಾಲಿಗೆಯ ಬುಡದಲ್ಲಿ ನೀರುಗುಳ್ಳೆಯಾದರೆ ಅದು ಧ್ವನಿಪೆಟ್ಟಿಗೆಯ ಮುಚ್ಚಳವನ್ನು ಹಿಂದಕ್ಕೆ ಒತ್ತಿ ಪ್ರಾಣವನ್ನೇ ತೆಗೆಯಬಲ್ಲದು. ಅದನ್ನು ತೆರೆದು ಬಿಡುವದು ವೈದ್ಯರಿಗೆ ದೊಡ್ಡ ಕೆಲಸವಲ್ಲ, ಅದು ಅಲ್ಲಿದೆ ಎಂದು ಸಂಶಯಪಡುವದೇ ದೊಡ್ಡದು. ಅದೇ ಸ್ಥಳದಲ್ಲಿ ಇನ್ನೊಂದು ಗಂಟು ಇರಬಹುದು. ಕೊರಳಿನ ಮುಂಭಾಗಕ್ಕೆ ಇಳಿಯಬೇಕಾದ ಥೈರಾಯ್ಡ್ ಗ್ರಂಥಿಯು ಇಳಿಯದೆ ನಾಲಿಗೆಯ ಬುಡದಲ್ಲಿಯೇ ಉಳಿದದ್ದು ಅದು. ಇಂಥವರಲ್ಲಿ ಹತ್ತರಲ್ಲಿ ಸುಮಾರು ಏಳು ಮಂದಿಗೆ ದೇಹದಲ್ಲಿ ಬೇರೆ ಥೈರಾಯ್ಡ್ ಇರುವದೇ ಇಲ್ಲ. ಗಡ್ಡೆಯೆಂದು ಕತ್ತರಿಸಿ ಎಸೆದರೆ ಕೂಸಿನ ಬೆಳವಣಿಗೆಗೂ ಬುದ್ಧಿಗೂ ಬೇಕಾದ ರಸವು ನಿಂತುಹೋಗಿ, ಬದುಕಿರುವ ತನಕ ಮಾತ್ರೆಯೇ ಗತಿಯಾಗುವದು. ನೋಡುವ ಮುಂಚೆ ಕತ್ತರಿಸಬಾರದು ಎಂಬದು ಮೂಗಿಗೆ ಮಾತ್ರ ಸಲ್ಲುವ ಮಾತಲ್ಲವೆಂದು ಇದರಿಂದ ತಿಳಿಯಬಹುದು.

ಹುಟ್ಟುವಾಗ ಇಲ್ಲದೆ ಅಥವಾ ಮಸಕಾಗಿ ಮಾತ್ರ ಇದ್ದು ಕೆಲವು ವಾರಗಳಲ್ಲಿ ಏಳುವ ಕೆಂಪು ರಕ್ತಗಂಟುಗಳನ್ನೂ ಇಲ್ಲಿ ಹೇಳಬೇಕು. ಇವುಗಳಿಗೆ ಹೀಮ್ಯಾಂಜಿಯೋಮಾ ಎಂದು ಹೆಸರು. ಕೆನ್ನೆ, ಕೆಳದುಟಿ, ಗಲ್ಲ, ಕೊರಳು ಹೀಗೆ ಗಂಡಸರಿಗೆ ಗಡ್ಡ ಬರುವ ಸ್ಥಳಗಳಲ್ಲಿ ಕೆಂಪು ಮಚ್ಚೆಗಳು ಎದ್ದು, ಅದರ ಸಂಗಡ ಉಸಿರಿನಲ್ಲಿ ಸೀಟಿಯಂಥ ಸದ್ದು ಕೇಳಿದರೆ ಧ್ವನಿಪೆಟ್ಟಿಗೆಯ ಕೆಳಗೂ ಅಂಥದೇ ಗಂಟು ಬೆಳೆಯುತ್ತಿರಬಹುದು. ಇದರ ಔಷಧವು ಸಿಕ್ಕಿದ ಕಥೆಯು ಕೇಳತಕ್ಕದ್ದು. ಫ್ರಾನ್ಸ್ ದೇಶದ ಬೋರ್ಡೋ ನಗರದಲ್ಲಿ ಮೂಗಿನ ಮೇಲೆ ರಕ್ತಗಂಟಿದ್ದ ಒಂದು ಮಗುವಿಗೆ ಸ್ಟೆರಾಯ್ಡ್ ಔಷಧವನ್ನು ಕೊಡುತ್ತಿರುವಾಗ ಹೃದಯದ ತೊಂದರೆ ಉಂಟಾಯಿತು. ಹೃದಯಕ್ಕೆಂದು ಪ್ರೊಪ್ರಾನೊಲಾಲ್ ಎಂಬ ಹಳೆಯ ಔಷಧವನ್ನು ಕೊಟ್ಟರು. ಮರುದಿನವೇ ಗಂಟಿನ ಬಣ್ಣವು ಬದಲಾಗಿ ಅದು ಮೆತ್ತಗಾಗಲಾರಂಭಿಸಿತು. ಇದನ್ನು ಗಮನಿಸಿದ ಕ್ರಿಸ್ತೀನ್ ಲೆಯೋತೆ-ಲಾಬ್ರೇಜ್ ಎಂಬ ವೈದ್ಯೆಯೂ ಅವರ ಜೊತೆಯವರೂ ೨೦೦೮ರಲ್ಲಿ ಅದನ್ನು ಪ್ರಕಟಿಸಿದರು. ಈಗ ಲೋಕದಲ್ಲೆಲ್ಲಾ ಇದೇ ಮೊದಲನೆಯ ಚಿಕಿತ್ಸೆ. ಆದರೆ ಅಂಗಡಿಯಿಂದ ಕೊಂಡು ಕೊಡುವ ಔಷಧವಿದಲ್ಲ; ಹಾಲು ಕುಡಿಯದ ಹೊತ್ತಿನಲ್ಲಿ ಕೊಟ್ಟರೆ ಕೂಸಿನ ರಕ್ತದಲ್ಲಿ ಸಕ್ಕರೆಯು ಇಳಿದು ಮೂರ್ಛೆ ಬರಬಹುದು.

ಇನ್ನು ಊರಿನಿಂದ ಆಸ್ಪತ್ರೆಗೆ ಸೇರುವ ತನಕ ಮಾಡತಕ್ಕದ್ದು. ಸುಮ್ಮನಿದ್ದಾಗ ನೀಲಿಯಾಗುವ ಕೂಸನ್ನು ಮಲಗಿಸಿಬಿಡದೆ ಕೈಯಲ್ಲಿ ಎತ್ತಿಕೊಂಡಿರಬೇಕು; ಅತ್ತರೆ ಅಳಗೊಡಬೇಕು; ಬಾಯಿ ಮುಚ್ಚಿದರೆ ಗಲ್ಲವನ್ನು ಬೆರಳಿನಿಂದ ಮೆಲ್ಲಗೆ ಕೆಳಗೆ ಜಗ್ಗಿ ತುಟಿಗಳನ್ನು ತೆರೆಯಬೇಕು. ಗಂಟಲಿನಲ್ಲಿ ಏನೋ ಇದೆಯೆಂದು ತೋರಿದರೆ ಅಂಗಾತವಾಗಿ ಹಿಡಿಯದೆ ಮಗ್ಗುಲಾಗಿ, ಉಸಿರು ಯಾವ ಭಂಗಿಯಲ್ಲಿ ಸಲೀಸಾಗುವದೋ ಆ ಭಂಗಿಯಲ್ಲಿಯೇ, ಕಣ್ಣು ತೆಗೆಯದೆ ನೋಡುತ್ತಾ ಹಿಡಿದುಕೊಳ್ಳಬೇಕು. ಬೆರಳು ಹಾಕಿ ಕೀಳಲು ಹೋಗಬಾರದು. ಉಸಿರಿಗೆ ಕಷ್ಟಪಡುವ ಕೂಸಿನ ಬಾಯಿಗೆ ಒಳಲೆಯಿಂದ ಹಾಲನ್ನಾಗಲಿ ಜೇನನ್ನಾಗಲಿ ಸುರಿಯಬಾರದು. ಮೂಗಿಗೆ ಎಣ್ಣೆ ಬಿಡಬಾರದು. ಅದು ಶ್ವಾಸಕೋಶಕ್ಕೆ ಇಳಿದರೆ ಹೊರಗೆ ಬರಲಾರದು. ತಾಯಿಯ ಎದೆಗೆ ಬರಿಮೈ ತಾಗುವ ಹಾಗೆ ಇಟ್ಟು ಹೊದಿಸಿದರೆ ದಾರಿಯಲ್ಲಿ ಬೆಚ್ಚಗಿರುವದು, ಆದರೆ ಮುಖವು ಕಾಣುತ್ತಿರಬೇಕು.

ವಾಹನಕ್ಕಾಗಿ ೧೦೮ಕ್ಕೆ ಫೋನು ಮಾಡಬೇಕು. ಕರ್ನಾಟಕದಲ್ಲಿ ಈ ಏರ್ಪಾಡು ೨೦೦೮ರಿಂದ ನಡೆಯುತ್ತದೆ. ಕಾಯಿಲೆ ಬಿದ್ದ ಹಸುಗೂಸಿಗೆ ಸರಕಾರೀ ಆಸ್ಪತ್ರೆಯಲ್ಲಿ ಚಿಕಿತ್ಸೆಯೂ ಅಲ್ಲಿಗೆ ಒಯ್ಯುವ ವಾಹನವೂ ದುಡ್ಡಿಲ್ಲದೆ ಸಿಗಬೇಕೆಂದು ೨೦೧೧ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಗೊತ್ತುಮಾಡಿದ್ದಾರೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಊನಗಳನ್ನು ಹುಡುಕಿ ದೊಡ್ಡ ಆಸ್ಪತ್ರೆಗೆ ಕಳುಹಿಸುವದೂ ಸೇರಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆಯು ೩, ೭, ೧೪, ೨೧, ೨೮, ೪೨ನೆಯ ದಿನಗಳಲ್ಲಿ ಬರಬೇಕು. ಮನೆಯಲ್ಲಿಯೇ ಹೆರಿಗೆಯಾಗಿದ್ದರೆ ಮೊದಲನೆಯ ದಿನವೂ ಬರಬೇಕು. ಬಂದಾಗ ಕೂಸಿನ ತೂಕವನ್ನು ಕೇಳುವ ಹಾಗೆಯೇ ಮೂಗನ್ನೂ ತೋರಿಸಿರಿ. ಗಂಟು ಎಂದು ಕಂಡಿತು, ಅತ್ತರೆ ಉಬ್ಬುತ್ತದೋ, ನೀರು ಒಸರುತ್ತದೋ, ನೀಲಿಯಾಗುವದು ಮಲಗಿದಾಗಲೋ ಕುಡಿಯುವಾಗಲೋ ಎಂಬ ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಒಳ್ಳೇದು. ಫೋನಿನಲ್ಲಿ ನೀಲಿಯಾದ ಹೊತ್ತಿನ ಚಿತ್ರವನ್ನು ಹಿಡಿದುಕೊಂಡರೆ ಇನ್ನೂ ಒಳ್ಳೇದು. ವೈದ್ಯರ ಮುಂದೆ ಹೋದಾಗ ಅಳುವ ಕೂಸು ಕೆಂಪಾಗಿಯೇ ಇರುವದಷ್ಟೆ.

ದೊಡ್ಡ ಆಸ್ಪತ್ರೆಗೆ ಸೇರಿದ ಮೇಲೆ ಕೂಡಲೆ ಕತ್ತರಿ ಹಿಡಿಯಲಿಲ್ಲವೆಂದು ಮನೆಯವರು ಬೇಸರಪಟ್ಟು ಕೂಸನ್ನು ಹೊರಡಿಸಬಾರದು. ಉಸಿರಿಗೆ ದಾರಿಯಾದ ಮೇಲೆ ಅವಸರವು ಕಡಿಮೆಯಾಗುತ್ತದೆ. ಎಲುಬಿನ ಕಂಡಿಯನ್ನು ನೋಡುವದಕ್ಕೆ ಸಿ. ಟಿ., ಮಿದುಳಿನ ಸಂಬಂಧವನ್ನು ನೋಡುವದಕ್ಕೆ ಎಂ. ಆರ್. ಐ. ಎಂಬ ಚಿತ್ರಗಳನ್ನು ತೆಗೆಯುವರು. ಸಂಬಂಧವಿದ್ದರೆ ಮೂಗಿನ ವೈದ್ಯರೂ ಮಿದುಳಿನ ಶಸ್ತ್ರವೈದ್ಯರೂ ಕೂಡಿಯೇ ಕೆಲಸ ಮಾಡುವರು. ವಾಸಿಯಾಗಿ ಮನೆಗೆ ಬಂದ ಮೇಲೆಯೂ ಹೇಳಿದ ದಿನಕ್ಕೆ ತಪ್ಪದೆ ಹೋಗಬೇಕು. ಹಿಂಬಾಗಿಲು ತೆರೆದ ಮೂಗು ಮತ್ತೆ ಸಂಕೋಚವಾಗುವದುಂಟು. ಡರ್ಮಾಯ್ಡಿನ ದಾರಿಯಲ್ಲಿ ಒಂದು ಎಳೆ ಉಳಿದರೂ ಅದು ಕೆಲವು ವರುಷಗಳ ಮೇಲೆ ಪುನಃ ಊದಿಕೊಳ್ಳುವದುಂಟು. ಟೆರಟೋಮಾ ತೆಗೆಸಿಕೊಂಡ ಕೂಸಿನ ರಕ್ತವನ್ನು ಕಾಲಕಾಲಕ್ಕೆ ಪರೀಕ್ಷಿಸಿ ಅದು ಮರಳಿ ಬೆಳೆಯುತ್ತದೋ ಎಂದು ನೋಡುವರು. ಆಸ್ಪತ್ರೆಯ ಕಾಗದಗಳನ್ನೂ ಚಿತ್ರಗಳನ್ನೂ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು, ಮಗುವನ್ನು ಶಾಲೆಗೆ ಹಚ್ಚಿದ ಮೇಲೆಯೂ ಬಿಸಾಡದೆ ಇರಬೇಕು.